ಅಪ್ಪೆಹುಳಿಗೆ ಅಲಂಕಾರ ಬೇಡ
ಊರಿನ ಅಡುಗೆ ಸ್ಪರ್ಧೆಯಲ್ಲಿ ಗೆಲ್ಲಬೇಕಾದರೆ ದೊಡ್ಡ ಹೋಟೆಲಿನ ತಟ್ಟೆಯಂತೆ ಸಿಂಗರಿಸಲೇಬೇಕು ಎಂದು ಲೇಖನವೊಂದು ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. 2021ರ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಎಂಬ ಟಿವಿ ಅಡುಗೆ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಸ್ಪರ್ಧಿ ಕಿಶ್ವರ್ ಚೌಧರಿ ಬಡಿಸಿದ್ದು ಬಂಗಾಳಿಗಳ ಪಾಂತಾ ಭಾತ್, ಅಂದರೆ ನೀರಿನಲ್ಲಿ ನೆನೆದ ಅನ್ನ. ಹೊಗೆಯ ಪರಿಮಳ ಕೊಟ್ಟಿದ್ದರು ನಿಜ, ಆದರೆ ತಿರುಳು ದುಡಿಯುವವರ ಬೆಳಗಿನ ಊಟವೇ. ಮೂರನೆಯ ಸ್ಥಾನ ಬಂತು.

ನಮ್ಮ ಶಿರಸಿ ಕಡೆಯ ಅಪ್ಪೆಹುಳಿಯನ್ನು ಹೇಗೆ ಸಿಂಗರಿಸುತ್ತೀರಿ? ಒಳ್ಳೆಯ ಪರಿಮಳದ ಹುಳಿ ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ನೋಡಲು ಬರೀ ನೀರು. ಬೇಸಗೆಯ ಮಧ್ಯಾಹ್ನ ಅನ್ನಕ್ಕೆ ಕಲಸಿ ಉಂಡು, ಮತ್ತೊಂದು ಲೋಟ ಕೇಳಿ ಕುಡಿದವರಿಗೆ ಅದರ ಬೆಲೆ ಗೊತ್ತು. (ಉಂಡ ಮೇಲೆ ಕಣ್ಣು ಎಳೆಯದಿದ್ದರೆ ಅದು ಅಪ್ಪೆಹುಳಿಯೇ ಅಲ್ಲ ಎನ್ನುವವರೂ ಇದ್ದಾರೆ.)

ಅಲಂಕಾರಕ್ಕೆ ಅಂಕ ಇಟ್ಟಲ್ಲೆಲ್ಲ ಕ್ಯಾರೆಟ್ ಹೂವು ಗೆಲ್ಲುತ್ತದೆ, ತಂಬುಳಿ ಸೋಲುತ್ತದೆ. ಒಂದೆಲಗದ ತಂಬುಳಿಯನ್ನು ಚಮಚದ ತುದಿಯಲ್ಲಿ ನೆಕ್ಕಿ ಅಂಕ ಹಾಕುವುದು ಅನ್ಯಾಯ. ಆಯೋಜಕರು ದಯವಿಟ್ಟು ತೀರ್ಪುಗಾರರನ್ನು ಬಾಳೆಲೆಯ ಮುಂದೆ ಕೂರಿಸಿ, ಬಿಸಿ ಅನ್ನದೊಂದಿಗೆ ಬಡಿಸಲಿ.