ದೀಪಕ್ಕೆ ಗೆರೆ ಕಂಡರೆಲ್ಲ ಸಿಲಿಂಡರ್ ನಂಬರ್ ಅಲ್ಲ

'ರಾತ್ರಿ ಬೀದಿದೀಪ ಗೆರೆಗೆರೆಯಾಗಿ ಕಂಡರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ' ಎನ್ನುವ ಚಿತ್ರ ಕಲಬುರಗಿಯ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಅಸ್ಟಿಗ್ಮ್ಯಾಟಿಸಂ ಎಂದರೆ ಸಾಮಾನ್ಯವಾಗಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಬಾಗು ಎಲ್ಲ ದಿಕ್ಕಿಗೂ ಸಮ ಇಲ್ಲದಿರುವುದು; ಅದನ್ನು ಸರಿಪಡಿಸುವ ಕನ್ನಡಕದ ಪವರೇ ಸಿಲಿಂಡರ್ ನಂಬರ್. ಹಾಗಿದ್ದರೆ ದೀಪ ಒಂದು ಕಡೆ ಎಳೆದಂತೆ ಕಾಣುವುದು ನಿಜ. ಆದರೆ ನೆಟ್ಟಗಿರುವ ಕಣ್ಣಿನಲ್ಲೂ ಮಸೂರದ ನಾರುಗಳು ಕೂಡುವ ಹೊಲಿಗೆಗಳು ಕಿರಣ ಮೂಡಿಸುತ್ತವೆ. ಚುಕ್ಕಿಯಂಥ ನಕ್ಷತ್ರಕ್ಕೆ ಮೊನೆ ಬರುವುದೂ ಹೀಗೆಯೇ. ಕತ್ತಲಲ್ಲಿ ಪಾಪೆ ಹಿಗ್ಗಿದಾಗ ಇದು ಹೆಚ್ಚು. ಕಣ್ಣು ಕಿರಿದು ಮಾಡಿದಾಗಿನ ಉದ್ದ ಗೆರೆ ರೆಪ್ಪೆಯಂಚಿನ ಕಣ್ಣೀರಿನದು, ಅಷ್ಟೇ.

ರಿಂಗ್ ರೋಡಿನಲ್ಲಿ ಕಾರಿನೊಳಗಿಂದ ನೋಡುವವರು ಮೊದಲು ಗಾಜು ಒರೆಸಿ. ನಮ್ಮೂರ ಧೂಳಿನ ಮೇಲೆ ವೈಪರ್ ಎಳೆದ ಗೀರಿಗೆ ಅಡ್ಡವಾಗಿ ಬೆಳಕು ಚೆಲ್ಲುತ್ತದೆ. ಗಾಡಿ ನಿಲ್ಲಿಸಿ ತಲೆ ಓರೆ ಮಾಡಿ: ಗೆರೆಯೂ ತಿರುಗಿದರೆ ಅದು ಕಣ್ಣಿನದೋ ಕನ್ನಡಕದ್ದೋ, ಕದಲದಿದ್ದರೆ ಗಾಜಿನದು. ರಟ್ಟಿಗೆ ಸುಮಾರು 1 ಮಿ.ಮೀ. ತೂತು ಮಾಡಿ ಒಂದೊಂದೇ ಕಣ್ಣಿನಿಂದ ನೋಡಿ. ಗೆರೆ ಮೊಟಕಾಗಿ ದೂರದ ಬೋರ್ಡಿನ ಅಕ್ಷರವೂ ತಿಳಿಯಾದರೆ ನಂಬರ್ ತಪಾಸಣೆ ಮಾಡಿಸಿ.

ನಿಜಕ್ಕೂ ಹೆದರಬೇಕಾದ್ದು ಈ ಚಿತ್ರದಲ್ಲಿ ಇಲ್ಲವೇ ಇಲ್ಲ. ದೀಪದ ಸುತ್ತ ಕಾಮನಬಿಲ್ಲಿನ ಬಳೆ ಹೊಸದಾಗಿ ಕಂಡು, ಜೊತೆಗೆ ಕಣ್ಣುನೋವು, ವಾಂತಿ ಇದ್ದರೆ ಕಣ್ಣಿನೊಳಗಿನ ಒತ್ತಡ ಏಕಾಏಕಿ ಏರಿರಬಹುದು. ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಹೋಗಿ.