ಜೆಡೈ ಸಭೆಯಲ್ಲಿ ಮಹಾರಾಜ ಕುರ್ಚಿ

ತುಮಕೂರಿನ ಬಿ.ಎಚ್. ರಸ್ತೆಯ ಸಮುದಾಯ ಭವನವೊಂದರಲ್ಲಿ ಹೋದ ಭಾನುವಾರ ನಡೆದ ಕುರ್ಚಿ ಪ್ರಕರಣವನ್ನು ಓದುಗರು ಈಗಾಗಲೇ ವಾಟ್ಸಾಪ್‌ನಲ್ಲಿ ನಾಲ್ಕೂ ದಿಕ್ಕಿನಿಂದ ನೋಡಿ ಮುಗಿಸಿರುವುದರಿಂದ ಅದನ್ನು ಮತ್ತೆ ಮೊದಲಿನಿಂದ ಹೇಳುವ ಅಗತ್ಯ ಕಾಣುವುದಿಲ್ಲ. ಕಂದು ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳಕಿನ ಕತ್ತಿ ಸಿಕ್ಕಿಸಿಕೊಂಡು, ವಿಶ್ವಚೈತನ್ಯದೊಡನೆ ಒಂದಾಗಲು ಹೊರಟಿದ್ದ ಇಬ್ಬರು ಸಾಧಕರು, ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತಂದಿದ್ದ ಒಂದೇ ಒಂದು ಮಹಾರಾಜ ಕುರ್ಚಿಯ ಎರಡು ತೋಳುಗಳನ್ನು ಹಿಡಿದು ಜಗ್ಗಾಡಿದ ದೃಶ್ಯಕ್ಕೆ ವ್ಯಾಖ್ಯಾನವೂ ಬೇಕಿಲ್ಲ. ಎಲ್ಲರೂ ನಕ್ಕರು, ನಾನು ಮಾತ್ರ ಸಿನಿಮಾ ಕಥೆಯ ಜೆಡೈ ಯೋಧರ ದಾರಿಯನ್ನೇ ಧರ್ಮವಾಗಿ ಹಿಡಿದ ಈ ಬಳಗವನ್ನು ಜಿಲ್ಲೆಯ ಹೆಮ್ಮೆ ಎಂದೇ ಭಾವಿಸುತ್ತೇನೆ. ಒಂದು ಧರ್ಮ ಹುಟ್ಟಿ, ಬೆಳೆದು, ತನ್ನೊಳಗೆ ಮೇಲುಕೀಳು ಮಾಡಿಕೊಂಡು, ಎರಡು ಹೋಳಾಗಿ, ಎರಡೂ ಹೋಳುಗಳು ತಾವೇ ಮೂಲವೆಂದು ಸಾರುವ ಹಂತಕ್ಕೆ ಬರಲು ಉಳಿದವರಿಗೆ ನೂರಾರು ವರ್ಷಗಳು ಹಿಡಿದಿವೆ. ನಮ್ಮವರು ಆ ಕೆಲಸವನ್ನು ಒಂದು ಮಳೆಗಾಲದೊಳಗೆ ಮುಗಿಸಿದರು.

ಕಥೆಯನ್ನು ಧರ್ಮ ಮಾಡಿಕೊಂಡವರಲ್ಲಿ ನಮ್ಮವರೇ ಮೊದಲಿಗರಲ್ಲ. 1977ರಲ್ಲಿ ತೆರೆ ಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಜೆಡೈ ಯೋಧರು ‘ಫೋರ್ಸ್’ ಎಂಬ ಸರ್ವವ್ಯಾಪಿ ಶಕ್ತಿಯನ್ನು ನಂಬಿ ಬದುಕುವುದನ್ನು ಕಂಡು ಮೆಚ್ಚಿದ ಜನ ಹಲವು ದೇಶಗಳಲ್ಲಿ ಅದನ್ನೇ ಬಾಳಿನ ದಾರಿ ಮಾಡಿಕೊಂಡರು. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ತಮ್ಮ ಧರ್ಮ ಜೆಡೈ ಎಂದು ಬರೆದರು. ಇಮೇಲ್‌ನಲ್ಲಿ ಹರಿದಾಡುತ್ತಿದ್ದ ಕರೆಯೊಂದಕ್ಕೆ ಓಗೊಟ್ಟು ತಮಾಷೆಗೆ ಬರೆದವರು ಅವರಲ್ಲಿ ಬಹಳ ಮಂದಿ ಇದ್ದರು. 2011ರಲ್ಲಿ ಆ ಸಂಖ್ಯೆ 1,76,632ಕ್ಕೆ ಇಳಿಯಿತು, 2021ರಲ್ಲಿ ಎರಡು ಸಾವಿರವನ್ನೂ ಮುಟ್ಟಲಿಲ್ಲ. ತಮಾಷೆ ಹಳಸಿದ ಮೇಲೂ ಉಳಿದುಕೊಂಡ ಈ ಕೆಲವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಅವರಿಗೆ ಸರ್ಕಾರದ ಗೌರವ ಮಾತ್ರ ಸಿಗಲಿಲ್ಲ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಚಾರಿಟಿ ಕಮಿಷನ್, ಧರ್ಮವೊಂದಕ್ಕೆ ಬೇಕಾದ ಆಧ್ಯಾತ್ಮಿಕ ಅಂಶವೂ ಸುಸಂಬದ್ಧತೆಯೂ ಇದರಲ್ಲಿಲ್ಲವೆಂದು ಹೇಳಿ, ‘ಟೆಂಪಲ್ ಆಫ್ ದ ಜೆಡೈ ಆರ್ಡರ್’ ಎಂಬ ಸಂಸ್ಥೆಗೆ ದತ್ತಿ ಮಾನ್ಯತೆಯನ್ನು ನಿರಾಕರಿಸಿತು. ಆ ಅಧಿಕಾರಿಗಳು ಹೋದ ಭಾನುವಾರ ತುಮಕೂರಿಗೆ ಬಂದಿದ್ದರೆ ಕಡತವನ್ನು ಮತ್ತೆ ತೆರೆಯುತ್ತಿದ್ದರು. ವೇದಿಕೆಯ ಮೇಲೆ ಯಾರು ಎಲ್ಲಿ ಕೂರಬೇಕೆಂದು ಹೊಡೆದಾಟ ನಡೆದ ಮೇಲೂ ಇದು ಧರ್ಮವಲ್ಲ ಎನ್ನಲು ಯಾವ ಅಧಿಕಾರಿಗೂ ನಾಲಿಗೆ ಏಳುತ್ತಿರಲಿಲ್ಲ.

ಬಳಗ ಶುರುವಾದಾಗ ನಿಯಮ ಒಂದೇ ಇತ್ತಂತೆ. ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ಕೆಳಗಿನ ನಾಮದ ಚಿಲುಮೆಯ ಬಳಿ ಎಲ್ಲರೂ ಸುತ್ತುಗಟ್ಟಿ ಕೂತು ಒಂದು ಗಂಟೆ ಮೌನವಾಗಿರುವುದು, ಆಮೇಲೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಮನೆ ಸೇರುವುದು. ಹಣೆಗೆ ನಾಮವಿಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮನು ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ಒರತೆ ಅದೆಂದು ಸ್ಥಳಪುರಾಣ ಹೇಳುತ್ತದೆ. ಆದ್ದರಿಂದ ಕಥೆಯನ್ನು ನಂಬಿ ಕೂರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಅಲ್ಲಿನ ಕೋತಿಗಳೂ ಸಮದರ್ಶಿಗಳು, ಗುರುವಿನ ಬಾಳೆಹಣ್ಣು ಶಿಷ್ಯನ ಬಾಳೆಹಣ್ಣು ಎಂಬ ಭೇದವಿಲ್ಲದೆ ಎರಡನ್ನೂ ಕಿತ್ತುಕೊಳ್ಳುತ್ತವೆ. ಇಷ್ಟಕ್ಕೇ ನಿಂತಿದ್ದರೆ ಮೌನ, ಇಡ್ಲಿ ಮತ್ತು ಕೋತಿಗಳ ಈ ಧರ್ಮಕ್ಕೆ ನಾನೂ ಸೇರುತ್ತಿದ್ದೆನೇನೋ. ಆದರೆ ಯಾರೋ ಒಬ್ಬ ಪುಣ್ಯಾತ್ಮರು ಚಟ್ನಿಗೆ ಕಾಯುತ್ತಿದ್ದಾಗ, ‘ಅಲ್ಲಾ ಸ್ವಾಮಿ, ನಮ್ಮಲ್ಲಿ ಹಿರಿಯರು ಅಂತ ಯಾರನ್ನ ಇಟ್ಕೊಳ್ಳೋದು?’ ಎಂದು ಕೇಳಿಬಿಟ್ಟರು.

ಆ ಪ್ರಶ್ನೆಗೆ ಸಿಕ್ಕ ಉತ್ತರ ಆಹ್ವಾನ ಪತ್ರಿಕೆಯ ರೂಪದಲ್ಲಿ ನನ್ನ ಮೇಜಿನ ಮೇಲಿದೆ. ದಿವ್ಯ ಸಾನ್ನಿಧ್ಯ, ಪರಮ ಮಾಸ್ಟರ್. ಘನ ಅಧ್ಯಕ್ಷತೆ, ಹಿರಿಯ ಮಾಸ್ಟರ್. ಉದ್ಘಾಟನೆ, ಮಾಸ್ಟರ್. ಮುಖ್ಯ ಅತಿಥಿಗಳಾಗಿ 9 ಮಂದಿ ನೈಟ್‌ಗಳು, ಅಂದರೆ ಶಿಷ್ಯತ್ವ ಮುಗಿಸಿದ ಯೋಧರು, ಅವರಲ್ಲಿ ಮೂವರು ‘ಹಿರಿಯ ನೈಟ್’, ಇಬ್ಬರು ‘ಪ್ರಭಾರ ನೈಟ್’. ನಕ್ಷತ್ರಮಂಡಲದ ಶಾಂತಿಯನ್ನು ಕಾಯುವ ಯೋಧನಿಗೂ ಪ್ರಭಾರದ ಮೇಲೆ ನೇಮಕವಾಗಬಹುದು ಎಂಬುದು ಹಾಲಿವುಡ್‌ನ ಯಾವ ಕಥೆಗಾರನಿಗೂ ಹೊಳೆಯದ ಸಂಗತಿ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ಊರಿಗೆ ಮಾತ್ರ ಇದು ಹೊಳೆಯಬೇಕು. ಪತ್ರಿಕೆಯ ತಳದಲ್ಲಿ, ಮುದ್ರಕರ ಫೋನ್ ನಂಬರಿಗಿಂತ ಸ್ವಲ್ಪ ಮೇಲೆ, ‘ಹಾಗೂ ಸಮಸ್ತ ಪದವಾನ್ ವೃಂದ’ ಎಂದಿದೆ. ಪದವಾನ್ ಎಂದರೆ ಇನ್ನೂ ಕಲಿಯುತ್ತಿರುವ ಶಿಷ್ಯ. ಇಡೀ ಬಳಗದಲ್ಲಿರುವುದೇ 19 ಜನ. ಅವರಲ್ಲಿ 12 ಮಂದಿ ದಪ್ಪಕ್ಷರದಲ್ಲಿದ್ದಾರೆ. ಇಷ್ಟು ಬೇಗ ಇಷ್ಟು ಜನರಿಗೆ ಜ್ಞಾನೋದಯವಾದ ಊರು ಇನ್ನೊಂದಿರಲಾರದು.

ಚಿತ್ರಗಳಲ್ಲಿ ಶಿಷ್ಯನಾದವನು ಕಿವಿಯ ಪಕ್ಕ ಸಣ್ಣದೊಂದು ಜಡೆ ಇಳಿಬಿಟ್ಟಿರುತ್ತಾನೆ, ಅವನು ನೈಟ್ ಆದ ದಿನ ಅದನ್ನು ಕತ್ತರಿಸುತ್ತಾರೆ. ಅಲ್ಲಿ ಅದು ಕ್ಷಣಮಾತ್ರದ ಕೆಲಸ. ನಮ್ಮಲ್ಲಿ ಅದಕ್ಕೊಂದು ಸಮಾರಂಭ, ಸಮಾರಂಭಕ್ಕೊಂದು ರಸೀದಿ ಪುಸ್ತಕ, ಕತ್ತರಿಸಿಕೊಂಡವನಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಮತ್ತು ಟೌನ್ ಹಾಲ್ ವೃತ್ತದಲ್ಲಿ ಮೂರು ದಿನ ನಿಲ್ಲುವ ಫ್ಲೆಕ್ಸ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಗೇಲಿ ಮಾಡಿದ್ದರು. ಜುಟ್ಟನ್ನೇ ಕತ್ತರಿಸಿ ಅದಕ್ಕೂ ಹಾರ ಹಾಕುವ ಸಾಧ್ಯತೆ ಅವರಿಗೆ ತೋಚಿರಲಿಲ್ಲ.

ಹಂತಗಳೇ ಇರಬಾರದೆಂದು ನಾನು ವಾದಿಸುತ್ತಿಲ್ಲ. ಕಲಿತವನಿಗೂ ಕಲಿಯುವವನಿಗೂ ಅಂತರವಿರುತ್ತದೆ, ಅದನ್ನು ಅಳಿಸಲು ಹೋದ ಬಳಗಗಳು ಹರಟೆಕಟ್ಟೆಗಳಾಗಿ ಮುಗಿಯುತ್ತವೆ. ನಮ್ಮ ಶರಣರೂ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಸ್ಥಲಗಳನ್ನು ಹೇಳಿದರು, ಮತ್ತು ಇದೇ ಜಿಲ್ಲೆಯ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಅದನ್ನೇ ನೂರಾರು ವಚನಗಳಲ್ಲಿ ಬಿಡಿಸಿ ಬಿಡಿಸಿ ವಿವರಿಸಿದರು. ಆದರೆ ಆ ಮೆಟ್ಟಿಲುಗಳ ಸ್ವಭಾವವೇ ಬೇರೆ. ಮೇಲೆ ಹೋದಷ್ಟೂ ‘ನಾನು’ ಎಂಬುದು ಕರಗುತ್ತ ಹೋಗಿ, ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಸನ್ಮಾನ ಸ್ವೀಕರಿಸಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಐಕ್ಯನಾದವನು ಫ್ಲೆಕ್ಸ್ ಹಾಕಿಸಲಾರ. ‘ಪ್ರಭಾರ ಐಕ್ಯ’ ಎಂಬ ಹುದ್ದೆಯಂತೂ ನಾನು ಓದಿದ ಯಾವ ವಚನದಲ್ಲೂ ಬರುವುದಿಲ್ಲ. (ಮುಂದಿನ ಕಾಲದವರು ಪೀಠಕ್ಕೂ ಪಟ್ಟಕ್ಕೂ ಅಡ್ಡಪಲ್ಲಕ್ಕಿಗೂ ಹೂಡಿದ ವ್ಯಾಜ್ಯಗಳ ಮಾತು ಬೇರೆ. ಅವು ಸಿಗುವುದು ನ್ಯಾಯಾಲಯದ ಕಡತಗಳಲ್ಲಿ.)

ಈ ಬಳಗದ ಒಬ್ಬರಾದರೂ ತಾವು ಪೂಜಿಸುವ ಕಥೆಯನ್ನು ಕೊನೆಯವರೆಗೆ ನೋಡಿದ್ದಾರೆಯೇ ಎಂಬ ಅನುಮಾನ ನನಗೆ ಬಲವಾಗಿದೆ. 2005ರಲ್ಲಿ ಬಂದ ಚಿತ್ರದಲ್ಲಿ ಅನಾಕಿನ್ ಎಂಬ ಯುವಕನನ್ನು ಜೆಡೈ ಮಂಡಳಿಗೆ ಸೇರಿಸಿಕೊಳ್ಳುತ್ತಾರೆ, ಆದರೆ ಮಾಸ್ಟರ್ ಪದವಿ ಕೊಡುವುದಿಲ್ಲ. ಕುರ್ಚಿ ಸಿಕ್ಕಿತು, ಪದವಿ ಸಿಗಲಿಲ್ಲ ಎಂದು ಅವನು ಸಿಡಿದೇಳುತ್ತಾನೆ, ಮತ್ತು ಆ ಅಸಮಾಧಾನವೂ ಸೇರಿಕೊಂಡು ಅವನನ್ನು ಕಪ್ಪು ಮುಖವಾಡದ ಖಳನಾಯಕನನ್ನಾಗಿ ಮಾಡುತ್ತದೆ. ಅಂದರೆ ಕಥೆ ಬರೆದವರೇ ದಾರಿಯಲ್ಲಿ ಗುಂಡಿ ಇದೆ ಎಂದು ಕೆಂಪು ಬಾವುಟ ನೆಟ್ಟಿದ್ದರು. ನಮ್ಮವರು ಬಾವುಟವನ್ನು ಕಂಡು, ಅದಕ್ಕೆ ಹೂವು ಏರಿಸಿ, ಗುಂಡಿಗೆ ಇಳಿದರು. ಸಣ್ಣ ವ್ಯತ್ಯಾಸವೆಂದರೆ ಇಲ್ಲಿ ಪದವಿ ಎಲ್ಲರಿಗೂ ಸಿಕ್ಕಿತ್ತು, ಕುರ್ಚಿ ಸಿಗಲಿಲ್ಲ. ಪರಮ ಮಾಸ್ಟರ್‌ಗೆ ಚಿನ್ನದ ಬಣ್ಣದ ಚೌಕಟ್ಟಿನ ಮಹಾರಾಜ ಕುರ್ಚಿ, ಉಳಿದಿಬ್ಬರು ಮಾಸ್ಟರ್‌ಗಳಿಗೆ ಮೆತ್ತೆಯ ಕುರ್ಚಿ, ನೈಟ್‌ಗಳಿಗೆ ಬಿಳಿ ಬಟ್ಟೆ ಹೊದಿಸಿದ ಪ್ಲಾಸ್ಟಿಕ್ ಕುರ್ಚಿ, ಪ್ರಭಾರ ನೈಟ್‌ಗಳಿಗೆ ಬಟ್ಟೆಯಿಲ್ಲದ ಪ್ಲಾಸ್ಟಿಕ್ ಕುರ್ಚಿ, ಶಿಷ್ಯರಿಗೆ ಜಮಖಾನ. ಘನ ಅಧ್ಯಕ್ಷತೆಯವರು, ಅಧ್ಯಕ್ಷತೆ ತಮ್ಮದಾದ ಮೇಲೆ ಮಹಾರಾಜ ಕುರ್ಚಿಯೂ ತಮ್ಮದೇ ಎಂದರು. ದಿವ್ಯ ಸಾನ್ನಿಧ್ಯದವರು, ಸಾನ್ನಿಧ್ಯ ಎಂಬುದು ಮೆತ್ತೆಯ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ ಎಂದರು. ಮುಂದಿನದು ನಿಮ್ಮ ಮೊಬೈಲ್‌ನಲ್ಲಿದೆ.

ನಾನು ಗಮನಿಸಿದ ವಿಶೇಷವೆಂದರೆ ಈ ಬಳಗದಲ್ಲಿ ನಂಬಿಕೆಯ ವಿಷಯದಲ್ಲಿ ಒಂದು ದಿನವೂ ಜಗಳವಾಗಿಲ್ಲ. ಫೋರ್ಸ್ ಸಗುಣವೋ ನಿರ್ಗುಣವೋ, ಸತ್ತ ಮೇಲೆ ಜೀವ ಏನಾಗುತ್ತದೆ, ಕೋಪವನ್ನು ಗೆಲ್ಲುವುದು ಹೇಗೆ ಎಂದು ಯಾರೂ ಯಾರನ್ನೂ ಕೇಳಿಲ್ಲ. ಎಲ್ಲ ಚರ್ಚೆಯೂ ಯಾರ ಕತ್ತಿ ಯಾವ ಬಣ್ಣ, ಯಾರ ಭಾವಚಿತ್ರ ಎಷ್ಟು ದೊಡ್ಡದು, ಊಟಕ್ಕೆ ಮೊದಲ ಪಂಕ್ತಿ ಯಾರದು ಎಂಬುದರ ಸುತ್ತಲೇ ನಡೆದಿದೆ. ಇದಕ್ಕೆ ಕಾರಣವೂ ಸರಳವಾಗಿದೆ. ತಾವು ನಂಬಿದ್ದು ಕಟ್ಟುಕಥೆ ಎಂಬುದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡು ಬಂದಿದ್ದಾರೆ, ಆದ್ದರಿಂದ ನಿಜವೆಂದು ಕೈಯಿಂದ ಮುಟ್ಟಿ ನೋಡಲು ಉಳಿದದ್ದು ಕುರ್ಚಿಯೊಂದೇ. ಕಥೆಯಿಂದಲೇ ಹುಟ್ಟಿದರೂ ನಂಬಿಕೆ ಗಟ್ಟಿಯಿದ್ದಿದ್ದರೆ ಪದವಿ ತನ್ನ ಪಾಡಿಗೆ ಮೂಲೆಯಲ್ಲಿ ಬಿದ್ದಿರುತ್ತಿತ್ತು.

ಹಾಗೆ ಗಟ್ಟಿಯಿರಬಹುದು ಎಂಬುದಕ್ಕೆ ಉದಾಹರಣೆ ಇಲ್ಲದಿಲ್ಲ. ಅಮೆರಿಕದಲ್ಲಿ 1962ರಲ್ಲಿ ಕೆಲವು ಕಾಲೇಜು ಹುಡುಗರು, ರಾಬರ್ಟ್ ಹೈನ್‌ಲೈನ್ ಅವರ ಹಿಂದಿನ ವರ್ಷವಷ್ಟೇ ಪ್ರಕಟವಾಗಿದ್ದ ಕಾದಂಬರಿಯೊಂದನ್ನು ಓದಿ ಒಂದು ಬಳಗ ಕಟ್ಟಿಕೊಂಡರು. ಅದು 1968ರಲ್ಲಿ ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಎಂಬ ಹೆಸರಿನಲ್ಲಿ ಕಾನೂನುಬದ್ಧ ಧಾರ್ಮಿಕ ಸಂಸ್ಥೆಯಾಯಿತು. ಅಲ್ಲಿಯೂ ಹಂತಗಳುಂಟು, ಒಂದರೊಳಗೊಂದು ವರ್ತುಲಗಳ ಲೆಕ್ಕದಲ್ಲಿ ಅವನ್ನು ಏರಬೇಕು, ಮತ್ತು ಆ ಸಂಸ್ಥೆಯೂ ಜಗಳ ಒಡಕುಗಳನ್ನು ಕಂಡಿದೆ. ಆದರೂ ಅವರ ಮುಖ್ಯ ವಿಧಿ ನೀರು ಹಂಚಿಕೊಳ್ಳುವುದು. ನೀರು ತೀರಾ ವಿರಳವಾದ ಮಂಗಳ ಗ್ರಹದಲ್ಲಿ ಬೆಳೆದ ಮನುಷ್ಯನ ಕಥೆಯಿಂದ ಬಂದ ಆ ವಿಧಿಯಲ್ಲಿ, ಒಂದೇ ಪಾತ್ರೆಯಿಂದ ನೀರು ಕುಡಿದವರು ನೆಂಟರಾಗುತ್ತಾರೆ. ಯಾವ ವರ್ತುಲದವರಾದರೂ ಪಾತ್ರೆ ಒಂದೇ.

ಕುರ್ಚಿಯ ಗಲಾಟೆಗೆ ಮೊದಲು ಅದೇ ಭವನದಲ್ಲಿ ಇನ್ನೊಂದು ಘಟನೆ ನಡೆಯಿತು. ಅದನ್ನು ಯಾರೂ ಚಿತ್ರೀಕರಿಸಿಲ್ಲ, ಅಲ್ಲಿದ್ದ ಇಬ್ಬರು ನನಗೆ ಹೇಳಿದರು. ಶಿಷ್ಯವೃಂದದಲ್ಲಿ ಶಿರಾ ಕಡೆಯ ಹಳ್ಳಿಯ ಹುಡುಗನೊಬ್ಬನಿದ್ದ. ಎಲ್ಲ ಚಿತ್ರಗಳನ್ನೂ ನೋಡಿದ್ದವನು, ನಾಮದ ಚಿಲುಮೆಯಲ್ಲಿ ಉಳಿದವರಿಗೆ ಉಸಿರಾಟ ಹೇಳಿಕೊಟ್ಟವನು, ಒಂದು ಭಾನುವಾರವೂ ತಪ್ಪಿಸದವನು ಅವನೇ. ಬೆಳಿಗ್ಗೆಯಿಂದ ಕುರ್ಚಿ ಹಾಕಿ, ನೀರಿನ ಕ್ಯಾನ್ ಹೊತ್ತು ತಂದು, ವೇದಿಕೆಯ ಹಿಂದಿನ ಮೇಜಿನ ಮೇಲಿದ್ದ ಸ್ಟೀಲ್ ಲೋಟವೊಂದರಲ್ಲಿ ನೀರು ಬಗ್ಗಿಸಿಕೊಂಡು ಕುಡಿದ. ನೈಟ್‌ಗಳಲ್ಲೊಬ್ಬರು, ಅವನ ಮನೆತನ ಯಾವುದೆಂದು ಬಲ್ಲವರು, ಮೆಲ್ಲಗೆ ಬಂದು, ‘ಏಯ್, ನಿಮಗೆಲ್ಲ ಪೇಪರ್ ಲೋಟ ಇಟ್ಟಿದೀವಲ್ಲಪ್ಪ’ ಎಂದರು. ಅವನು ಕುಡಿದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟರು. ಹಸಿರು ಚರ್ಮದವರು, ತಲೆಯಲ್ಲಿ ಕೊಂಬುಳ್ಳವರು, ಎರಡಡಿ ಎತ್ತರದವರು ಸಮನಾಗಿ ಸುತ್ತ ಕೂರುವ ಮಂಡಳಿಯೊಂದರ ಕಥೆಯನ್ನು ಎದೆಗೆ ಅಪ್ಪಿಕೊಂಡು ಬಂದ ಜನ ಇವರು. ಬೇರೆ ಗ್ರಹದವನ ಜೊತೆ ಕೂರಲು ಇವರಿಗೆ ಅಭ್ಯಂತರವಿಲ್ಲ, ಪಕ್ಕದ ತಾಲ್ಲೂಕಿನವನು ಕುಡಿದ ಲೋಟ ಮಾತ್ರ ಬೇರೆ ಇರಬೇಕು. ಕುರ್ಚಿಯ ಜಗಳಕ್ಕೆ ನಗಬಹುದು, ಇದಕ್ಕೆ ನನಗೆ ನಗು ಬರುವುದಿಲ್ಲ. ಕಥೆ ಬದಲಾಯಿಸಿ, ನಿಲುವಂಗಿ ಬದಲಾಯಿಸಿ, ದೇವರನ್ನೇ ಬದಲಾಯಿಸಿ ಬಂದ ಮೇಲೂ ಲೋಟವನ್ನು ಕಿಟಕಿಯ ಕಟ್ಟೆಗೆ ಇಡುವ ಕೈ ಅದೇ ಕೈಯಾಗಿರುವುದನ್ನು ಎಷ್ಟು ಸಲ ಬರೆಯುವುದು? ಸಾಕಾಗಿದೆ. ದಪ್ಪಕ್ಷರದ ಆ 12 ಹೆಸರುಗಳನ್ನು ಮೊದಲು ಓದಿದಾಗ ನಕ್ಕಿದ್ದೆ. ಅವರ ಮನೆತನಗಳನ್ನು ವಿಚಾರಿಸಿದ ಮೇಲೆ ಮತ್ತೊಮ್ಮೆ ಓದಿದೆ. ಆ ಪಟ್ಟಿಯನ್ನು ಯಾವ ಫೋರ್ಸೂ ತಯಾರಿಸಿದ್ದಲ್ಲ. ಯಾರ ಪಕ್ಕ ಯಾರು ಉಣ್ಣಬಹುದು ಎಂಬ ಹಳೆಯ ಪಟ್ಟಿಯನ್ನೇ ನಕಲು ತೆಗೆದಿದ್ದಾರೆ.

ಆ ಹುಡುಗ ಗಲಾಟೆ ಶುರುವಾಗುವ ಮುಂಚೆಯೇ ನಿಲುವಂಗಿ ಮಡಿಸಿಟ್ಟು ಬಸ್ಸು ಹತ್ತಿದನಂತೆ.

ಈಗಿನ ಸ್ಥಿತಿಗತಿ ಹೀಗಿದೆ. ಉಳಿದ 18 ಜನರಲ್ಲಿ 12 ಮಂದಿ ದಿವ್ಯ ಸಾನ್ನಿಧ್ಯದ ಕಡೆಗೂ 6 ಮಂದಿ ಘನ ಅಧ್ಯಕ್ಷತೆಯ ಕಡೆಗೂ ಹೋಗಿ, ಎರಡೂ ಬಣಗಳು ಸಂಘವನ್ನು ನೋಂದಾಯಿಸಲು ಓಡಾಡುತ್ತಿವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960 ವಿಶ್ವಚೈತನ್ಯದ ಬಗ್ಗೆ ಏನನ್ನೂ ಕೇಳುವುದಿಲ್ಲ. ಅದು ಕೇಳುವುದು ಕನಿಷ್ಠ 7 ಜನರ ಸಹಿಯನ್ನು. ಘನ ಅಧ್ಯಕ್ಷತೆಯ ಬಣಕ್ಕೆ ಹೀಗೆ ಒಬ್ಬ ಜೆಡೈ ಕಡಿಮೆ ಬಿದ್ದಿರುವುದರಿಂದ, ಅವರಲ್ಲಿ ಇಬ್ಬರು ಮೊನ್ನೆ ಶಿರಾ ಬಸ್ಸು ಹತ್ತಿ ಹುಡುಗನ ಮನೆಯವರೆಗೂ ಹೋಗಿ, ಅಂಗಳದಲ್ಲೇ ನಿಂತು, ನೇರವಾಗಿ ಹಿರಿಯ ನೈಟ್ ಪದವಿ ಕೊಡುವುದಾಗಿ ಹೇಳಿ ಬಂದಿದ್ದಾರೆ. ಅವನ ತಾಯಿ ನೀರು ತಂದು ಕೊಟ್ಟರಂತೆ, ಇವರು ಬಾಯಾರಿಕೆಯಿಲ್ಲ ಎಂದರಂತೆ. ನಿಲುವಂಗಿಗೆಂದು ಕಟ್ಟಿಸಿಕೊಂಡ 1,200 ರೂಪಾಯಿ ವಾಪಸ್ ಬಂದ ಮೇಲೆ ಮುಂದಿನ ಮಾತು ಎಂದು ಹುಡುಗ ಹೇಳಿ ಕಳಿಸಿದ್ದಾನೆ.