ಹಿತ್ತಾಳೆ ಗಂಟೆ ಮತ್ತು ತೊಡೆಸಂದಿಯ ಮರಳು

ಗಂಟೆ ಕಂಡರೆ ಬಾರಿಸದೆ ಮುಂದೆ ಹೋಗುವ ಜನ ನಾವಲ್ಲ. ಕೈಗೆಟುಕದ ಕೂಸನ್ನೂ ದೇವಸ್ಥಾನದ ಬಾಗಿಲಲ್ಲಿ ಎತ್ತಿ ಹಿಡಿದು ‘ಹೊಡಿ ಪುಟ್ಟಾ, ಢಣ್ ಅನ್ನಿಸು’ ಅಂತ ಅಭ್ಯಾಸ ಮಾಡಿಸಿರುತ್ತೇವೆ. ಹೀಗಾಗಿ ಅಮೆರಿಕ ನೌಕಾಪಡೆಯ ‘ಸೀಲ್’ ಕಮಾಂಡೊ ಆಯ್ಕೆಗೆ ನಮ್ಮವರನ್ನು ಕಳಿಸಿದರೆ ಮೊದಲ ದಿನವೇ ಅರ್ಧ ಜನ ಖಾಲಿ. ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ, ಆ ತರಬೇತಿಯ ಅಂಗಳದಲ್ಲಿ, ಒಂದು ಹಿತ್ತಾಳೆ ಗಂಟೆ ತೂಗುಹಾಕಿದ್ದಾರೆ. ಅದನ್ನು ಮೂರು ಸಲ ಬಾರಿಸಿ, ಹೆಲ್ಮೆಟ್ ತೆಗೆದು ಸಾಲಿನಲ್ಲಿಟ್ಟರೆ ‘ನನ್ನ ಕೈಲಾಗಲ್ಲ ಸ್ವಾಮಿ’ ಅಂತ ಬರೆದುಕೊಟ್ಟ ಹಾಗೆ. ಒಂದು ಬ್ಯಾಚಿನಲ್ಲಿ ನೂರಕ್ಕೆ ಎಪ್ಪತ್ತು ಎಂಬತ್ತು ಮಂದಿ ಕೊನೆ ಮುಟ್ಟುವುದಿಲ್ಲ.

ಕೋಡುಬಳೆ ಕಡಿಯುತ್ತಾ ಈ ತರಬೇತಿಯ ವಿಡಿಯೊ ನೋಡುವವರಿಗೆ ದಿಮ್ಮಿ ಎತ್ತುವುದು ಕಾಣುತ್ತದೆ, ಅಲೆಗೆ ಬೀಳುವುದು ಕಾಣುತ್ತದೆ, ಮೇಷ್ಟ್ರ ಕೂಗಾಟ ಕೇಳುತ್ತದೆ. ಕ್ಯಾಮೆರಾಕ್ಕೆ ಕಾಣದೇ ಇರುವುದು ತೊಡೆಸಂದಿ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಅರ್ಜಿ. ಅಮೆರಿಕದ ಪೌರತ್ವ ಬೇಕು, ವಿಶೇಷ ವಿನಾಯಿತಿ ಸಿಗದಿದ್ದರೆ ವಯಸ್ಸು 28 ದಾಟಿರಬಾರದು. ನಲವತ್ತಕ್ಕೆ ಜಿಮ್ ಸೇರಿ, ಮೂರು ತಿಂಗಳಿಗೆ ಟೀ ಶರ್ಟ್ ಒಂದು ಸೈಜ್ ಚಿಕ್ಕದು ತಗೊಂಡ ಉತ್ಸಾಹಿಗಳ ಕಥೆ ಇಲ್ಲೇ ಮುಗಿಯಿತು. ಬೇಜಾರು ಬೇಡ. ನಮ್ಮ ಸೇನೆಯ ಕಮಾಂಡೊ ತರಬೇತಿ ಬೆಳಗಾವಿಯಲ್ಲೇ ನಡೆಯುತ್ತದೆ, ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಲ್ಲೂ ತಗೊಳ್ಳಲ್ಲ, ಅದು ಬೇರೆ ಮಾತು.

ವಯಸ್ಸಿರುವವರಿಗೆ ಪ್ರವೇಶ ಪರೀಕ್ಷೆ. ಐದು ಐಟಂ, ಒಂದರ ಹಿಂದೆ ಒಂದು. ಮೊದಲು 500 ಗಜ ಈಜು, ಅಂದರೆ 457 ಮೀಟರ್, ಹನ್ನೆರಡೂವರೆ ನಿಮಿಷದಲ್ಲಿ. 25 ಮೀಟರಿನ ಕೊಳದಲ್ಲಿ ಹದಿನೆಂಟು ಉದ್ದ ಮುಗಿಸಿ ಇನ್ನೂ ಒಂಚೂರು. ನಮ್ಮ ಬಾವಿ ಈಜಿನ ಶೂರರು ಇಲ್ಲೇ ಎಡವುವುದು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತವರು, ಇಪ್ಪತ್ತಡಿ ಮೇಲಿಂದ ಧುಮುಕುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಇಲ್ಲಿ ನಡೆಯುವುದು ಎದೆಯೀಜು, ಇಲ್ಲವೇ ಮಗ್ಗುಲಾಗಿ ಈಜುವ ಸೈಡ್‌ಸ್ಟ್ರೋಕ್. ಬಾವಿಯಲ್ಲಿ ಕಲಿತವನ ತಲೆ ಯಾವಾಗಲೂ ನೀರಿನ ಮೇಲೆ, ಏಕೆಂದರೆ ದಡದಲ್ಲಿ ನಿಂತವರ ಜೊತೆ ಮಾತೂ ಆಡಬೇಕಲ್ಲ. ತಲೆ ಎತ್ತಿದಷ್ಟೂ ಕಾಲು ಕೆಳಗಿಳಿಯುತ್ತದೆ, ಕೈ ನೀರನ್ನು ಹಿಂದಕ್ಕೆ ತಳ್ಳುವ ಬದಲು ಕೆಳಕ್ಕೆ ಒತ್ತುತ್ತದೆ. ಸದ್ದು ಜಾಸ್ತಿ, ದಾರಿ ಕಡಿಮೆ. ನಾಲ್ಕನೇ ಉದ್ದಕ್ಕೆ ಮನುಷ್ಯ ಕೊಳದ ಅಂಚು ಹಿಡಿದು ಊರಿನ ಬಾವಿಯ ಆಳ ವರ್ಣಿಸುತ್ತಿರುತ್ತಾನೆ.

ಹತ್ತು ನಿಮಿಷ ಬಿಡುವು. ಆಮೇಲೆ ಎರಡು ನಿಮಿಷದಲ್ಲಿ 50 ಪುಶ್-ಅಪ್. ಮನೆಯಲ್ಲಿ ಐವತ್ತು ಹೊಡೆಯುವವರಿಗೆ ಇಲ್ಲಿ ಸಿಗುವುದು ಹದಿನಾಲ್ಕು. ಹನ್ನೊಂದನೆಯದರಿಂದ ಎದೆ ಮೊದಲು ಏಳುತ್ತದೆ, ಸೊಂಟ ನೆಲದ ಹತ್ತಿರವೇ ಉಳಿದು ಆಮೇಲೆ ಬರುತ್ತದೆ, ಪುಂಗಿ ಕೇಳಿದ ಹಾವಿನ ಹಾಗೆ. ಎಣಿಸುವವನು ಅದನ್ನು ಎಣಿಸುವುದಿಲ್ಲ, ಬರೇ ನೋಡುತ್ತಾನೆ. ಎರಡು ನಿಮಿಷ ತಡೆದು 50 ಸಿಟ್-ಅಪ್. ಮತ್ತೆ ಎರಡು ನಿಮಿಷ ತಡೆದು 10 ಪುಲ್-ಅಪ್. ಪ್ರತಿ ಸಲ ಕೈ ಪೂರ್ತಿ ಚಾಚಿ ಜೋತಾಡಿ, ಗದ್ದ ಕಂಬಿ ದಾಟಬೇಕು, ಕಾಲು ಒದೆಯುವಂತಿಲ್ಲ. ಸಾಮಾನ್ಯ ಮನುಷ್ಯನ ಪುಲ್-ಅಪ್ ಲೆಕ್ಕ ಸೊನ್ನೆಯಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಇನ್ನು ಹತ್ತು ನಿಮಿಷ ಕಳೆದು 2.4 ಕಿ.ಮೀ. ಓಟ, ಹತ್ತೂವರೆ ನಿಮಿಷದೊಳಗೆ.

ಓಟದ ಮಟ್ಟಿಗೆ ನಮ್ಮವರಿಗೆ ಭಯವಿಲ್ಲ. ನಮ್ಮ ಅಗ್ನಿವೀರ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ 60 ಅಂಕ, 10 ಪುಲ್-ಅಪ್‌ಗೆ 40 ಅಂಕ ಅಂತ ನಿಯಮವಿತ್ತು. ಕಿಲೋಮೀಟರಿಗೆ ಹೆಚ್ಚುಕಡಿಮೆ 3 ನಿಮಿಷ 26 ಸೆಕೆಂಡ್. ಸೀಲ್ ಪರೀಕ್ಷೆ ಕೇಳುವುದು 4 ನಿಮಿಷ 21 ಸೆಕೆಂಡ್, ದೂರ ಮಾತ್ರ ಜಾಸ್ತಿ. ಬೆಳಗಿನ ಜಾವ ಹೆದ್ದಾರಿ ಬದಿಯಲ್ಲಿ ಓಡುವ ಹಾವೇರಿ, ಬೆಳಗಾವಿ ಕಡೆಯ ಹುಡುಗರು ಇದನ್ನು ಮುಗಿಸಿ ‘ಮುಂದೇನ್ರಿ ಸರ?’ ಅಂತ ಕೇಳಿಯಾರು.

ಮುಂದೆ ಇರುವುದು 24 ವಾರ. ಇಲ್ಲಿಂದ ಆಟದ ಹೆಸರೇ ಬೇರೆ: ಒದ್ದೆ.

ಡಿಸೆಂಬರಿನ ಬೆಳಿಗ್ಗೆ ಬೆಂಗಳೂರಿನಲ್ಲಿ 16 ಡಿಗ್ರಿ ಆದರೆ ಏನಾಗುತ್ತದೆ ಎಲ್ಲರಿಗೂ ಗೊತ್ತು. ಮಂಕಿ ಕ್ಯಾಪ್, ಮಫ್ಲರ್, ‘ಈ ಸಲ ಚಳಿ ಜಾಸ್ತಿ ಕಣ್ರೀ’. ಕೊರೊನಾಡೊದ ಪೆಸಿಫಿಕ್ ನೀರೂ ಬಹುಪಾಲು ದಿನ ಇದೇ ಲೆಕ್ಕದ ಆಸುಪಾಸು, 13ರಿಂದ 18. ವ್ಯತ್ಯಾಸ ಇಷ್ಟೇ, ಅದು ಗಾಳಿ, ಇದು ನೀರು. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಬಟ್ಟೆ ಸಮೇತ, ತೋಳಿಗೆ ತೋಳು ಸಿಕ್ಕಿಸಿ, ಅಲೆ ಒಡೆಯುವ ಜಾಗದಲ್ಲಿ ಸಾಲಾಗಿ ಕೂರಿಸುತ್ತಾರೆ. ಎಷ್ಟು ಹೊತ್ತು ಕೂರಿಸಬಹುದು ಅನ್ನುವುದಕ್ಕೆ ನೀರಿನ ಉಷ್ಣತೆ ನೋಡಿ ಬರೆದಿಟ್ಟ ಕೋಷ್ಟಕವಿದೆ. ಅದು ಮೇಷ್ಟ್ರ ಕೈಯಲ್ಲಿರುತ್ತದೆ, ಕೂತವರಿಗೆ ಅದು ಕಾಣಿಸುವುದಿಲ್ಲ. ಗೀಸರ್ ಹಾಕಿ ಇಪ್ಪತ್ತು ನಿಮಿಷ ಕಾದು, ಮೊದಲ ಚೊಂಬು ಕಾಲಿಗೆ ಮಾತ್ರ ಹಾಕಿಕೊಳ್ಳುವ ಕುಲಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ನೀರಿಂದ ಎದ್ದು ಬಂದವನು ಮರಳಿನಲ್ಲಿ ಉರುಳಬೇಕು, ತಲೆಯಿಂದ ಕಾಲಿನವರೆಗೆ ಒಂದಿಂಚು ಬಿಡದ ಹಾಗೆ. ಅಲ್ಲಿಯವರು ಇದಕ್ಕೆ ಸಕ್ಕರೆ ಬಿಸ್ಕತ್ತಿನ ಹೆಸರಿಟ್ಟಿದ್ದಾರೆ. ಮಂಗಳೂರಿನವರಿಗೆ ಒಂದೇ ಮಾತಲ್ಲಿ ತಿಳಿಯುತ್ತದೆ: ಬಾಂಗಡೆ ರವಾ ಫ್ರೈ, ಹುರಿಯುವ ಮುಂಚಿನ ಹಂತ. ಹುರಿಯುವ ಕೆಲಸ ಪ್ಯಾಂಟು ಮಾಡುತ್ತದೆ. ನೆನೆದ ಚರ್ಮ ಮೆತ್ತಗಾಗಿರುತ್ತದೆ, ನಡುವೆ ಉಪ್ಪು, ಮರಳು, ಮೇಲಿಂದ ದಪ್ಪ ಬಟ್ಟೆಯ ಹೊಲಿಗೆ. ಓಡಲು ಹೇಳಿದರೆ ಎರಡು ತೊಡೆ ಸೇರಿ ಉಜ್ಜುಕಾಗದ. ವ್ಯಾಸಲೀನ್ ಬಳಿಯೋಣ ಅಂದರೆ ಅದಕ್ಕೇ ಮರಳು ಇನ್ನಷ್ಟು ಚೆನ್ನಾಗಿ ಅಂಟುತ್ತದೆ. ಒಳಗೆ ಮೈಗಂಟುವ ಶಾರ್ಟ್ಸ್ ಇದ್ದರೆ ಸ್ವಲ್ಪ ವಾಸಿ. ಮೂರನೇ ದಿನಕ್ಕೆ ಇಡೀ ಬ್ಯಾಚು ಹೊಸದಾಗಿ ಕುದುರೆಯಿಂದ ಇಳಿದವರ ಹಾಗೆ ಕಾಲಗಲಿಸಿ ನಡೆಯುತ್ತದೆ.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ಈ ಸಂದಿಯ ವಿಷಯ ಹೊಸದಲ್ಲ. ಕೊಬ್ಬರಿ ಎಣ್ಣೆ, ಪೌಡರು, ಎರಡು ಜೊತೆ ಸಾಕ್ಸು, ಎಲ್ಲ ಗೊತ್ತು. ಧರ್ಮಸ್ಥಳದ ದಾರಿ ಹತ್ತಿರ ಹತ್ತಿರ 300 ಕಿ.ಮೀ. ಸೀಲ್ ತರಬೇತಿಯ ನಾಲ್ಕನೇ ವಾರ, ‘ಹೆಲ್ ವೀಕ್’ ಅನ್ನುವ ಐದೂವರೆ ದಿನದಲ್ಲಿ, ಓಡುವುದು 200 ಮೈಲಿಗೂ ಹೆಚ್ಚು, ಅಂದರೆ 320 ಕಿ.ಮೀ. ಮೇಲೆ. ದೂರ ನೋಡಿ, ಹೆಚ್ಚುಕಡಿಮೆ ಒಂದೇ! ಬ್ಯಾಂಕ್ ಗುಮಾಸ್ತರು, ದಿನಸಿ ಅಂಗಡಿಯವರು, ಅರವತ್ತು ದಾಟಿದ ಅಜ್ಜಿಯರು ನಡೆಯುವ ದೂರ ಅದು. ಆದರೆ ನಮ್ಮವರಿಗೆ ದಾರಿಯುದ್ದ ಮಜ್ಜಿಗೆ ಇದೆ, ಪಾನಕ ಇದೆ, ರಾತ್ರಿ ಛತ್ರದಲ್ಲಿ ಚಾಪೆ ಇದೆ, ಎಲ್ಲಕ್ಕಿಂತ ದೊಡ್ಡದಾಗಿ ಒಣ ಪಂಚೆ ಇದೆ. ಮನುಷ್ಯನನ್ನು ಕೊರೊನಾಡೊದಲ್ಲಿ ಮುರಿಯುವುದು ದೂರಕ್ಕಿಂತ ಆ ಒಣ ಪಂಚೆಯ ಅಭಾವ.

ದೋಣಿಯ ವಿಷಯಕ್ಕೆ ಬನ್ನಿ. ಏಳು ಜನರಿಗೆ ಒಂದು ರಬ್ಬರ್ ದೋಣಿ, ಹೆಸರು ಐಬಿಎಸ್ (ಇನ್‌ಫ್ಲೇಟಬಲ್ ಬೋಟ್, ಸ್ಮಾಲ್; ಗಾಳಿ ತುಂಬಿದ ಚಿಕ್ಕ ದೋಣಿ). ನಮ್ಮ ಡಾಕ್ಟರು ಹೇಳುವ ಐಬಿಎಸ್ ಹೊಟ್ಟೆಗೆ ಸಂಬಂಧಿಸಿದ್ದು, ಇದು ಕುತ್ತಿಗೆಗೆ. ದೋಣಿ ನೀರಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ತಲೆ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಅದು ಚಿಮ್ಮಿ ಬೀಳುತ್ತದೆ. ನೆತ್ತಿಯ ಕೂದಲು ಉಜ್ಜಿ ಹೋಗುತ್ತದೆ. ಅಡ್ಡಪಲ್ಲಕ್ಕಿ ಹೊತ್ತವರಿಗೆ ಇದರ ಗುಟ್ಟು ಗೊತ್ತು: ಎಲ್ಲರ ಎತ್ತರ ಒಂದೇ ಇರಬೇಕು. ಅದಕ್ಕೇ ಇಲ್ಲಿ ಎತ್ತರ ನೋಡಿ ತಂಡ ಕಟ್ಟುತ್ತಾರೆ. ಆದರೂ ಎರಡಂಗುಲ ಕುಳ್ಳಗಿರುವವನು ಒಬ್ಬ ಇದ್ದೇ ಇರುತ್ತಾನೆ, ಅವನ ತಲೆಗೂ ದೋಣಿಗೂ ನಡುವೆ ಗಾಳಿ ಆಡುತ್ತಿರುತ್ತದೆ. ಅವನ ಪಾಲಿನ ಭಾರ ಹೊತ್ತ ಆರು ಜನಕ್ಕೆ ಅದು ಚೆನ್ನಾಗಿ ಗೊತ್ತು.

ಊಟಕ್ಕೂ ಓಡಬೇಕು. ಊಟದ ಮನೆ ಒಂದು ಮೈಲಿ ಆಚೆ, ಹೋಗಿ ಬಂದರೆ 3.2 ಕಿ.ಮೀ. ಮೂರು ಊಟಕ್ಕೆ ದಿನಕ್ಕೆ ಹತ್ತಿರ ಹತ್ತಿರ ಹತ್ತು. ‘ಉಂಡ ಮೇಲೆ ನೂರು ಹೆಜ್ಜೆ’ ಅಂದ ನಮ್ಮ ಹಿರಿಯರು ಇಷ್ಟು ದೂರ ಯೋಚಿಸಿರಲಿಲ್ಲ.

ಸಮುದ್ರ ದಂಡೆಯ ಮರಳಿನ ಮೇಲೆ ಬೂಟು, ಉದ್ದ ಪ್ಯಾಂಟು ಹಾಕಿ 6.4 ಕಿ.ಮೀ. ಓಟ, ಸಮಯ 32 ನಿಮಿಷ. ಮೃದು ಮರಳಲ್ಲಿ ಓಡಲು ಗಟ್ಟಿ ನೆಲದ ಒಂದೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಮಲ್ಪೆಯಲ್ಲಿ ಐಸ್‌ಕ್ರೀಮ್ ಹಿಡಿದು ನಡೆದವರಿಗೂ ತಿಳಿದ ಉಪಾಯ, ನೀರಂಚಿನ ಒದ್ದೆ ಗಟ್ಟಿ ಮರಳಿನ ಮೇಲೆ ಹೋಗುವುದು. ತೊಂದರೆ ಏನೆಂದರೆ ಅದು ಎಲ್ಲರಿಗೂ ತಿಳಿದಿರುತ್ತದೆ. ಆ ಎರಡಡಿ ಪಟ್ಟಿಗೆ ನೂರು ಜನ ನುಗ್ಗಿದ ಹೊತ್ತಿಗೇ ಅಲೆ ಬಂದು ಬೂಟಿನೊಳಗೆ ಕೂರುತ್ತದೆ.

ಸಾಮಾನ್ಯರು ಗೆಲ್ಲಬಹುದಾದ ಒಂದು ಜಾಗವೂ ಇದೆ. ಕೈಕಾಲು ಕಟ್ಟಿ ಒಂಬತ್ತಡಿ ಕೊಳಕ್ಕೆ ಬಿಡುತ್ತಾರೆ. ತಳ ಮುಟ್ಟಿ, ಪಾದದಿಂದ ಒತ್ತಿ, ಮೇಲೆ ಬಂದು ಒಂದು ಉಸಿರು, ಮತ್ತೆ ತಳ. ಐದು ನಿಮಿಷ ಹೀಗೇ. ಆಮೇಲೆ ತೇಲುವುದು, ನೂರು ಮೀಟರ್ ಹೋಗುವುದು, ಹಿಂದೆ ಮುಂದೆ ಲಾಗ, ಕೊನೆಗೆ ತಳದಲ್ಲಿರುವ ಮುಖವಾಡವನ್ನು ಹಲ್ಲಲ್ಲಿ ಕಚ್ಚಿ ತರುವುದು. ಹೆದರಿದವನು ಎದೆ ತುಂಬ ಗಾಳಿ ಹಿಡಿದುಕೊಳ್ಳುತ್ತಾನೆ, ತಳಕ್ಕೆ ಇಳಿಯಲಾಗದೆ ನಡುನೀರಿನಲ್ಲಿ ಒದ್ದಾಡುತ್ತಾನೆ. ಉಸಿರು ಬಿಡದವನು ಮುಳುಗಲ್ಲ, ಮುಳುಗದವನು ಪಾಸಾಗಲ್ಲ. ತೇಲುವ ಐದು ನಿಮಿಷದಲ್ಲಿ ಕಲ್ಲಿನಂಥ ಮೈಕಟ್ಟಿನವರು ಕಲ್ಲಿನ ಹಾಗೇ ಇಳಿಯುತ್ತಾರೆ. ಬಿಸಿಬೇಳೆಬಾತಿನ ಹೊಟ್ಟೆಗೆ ಆ ಚಿಂತೆ ಇಲ್ಲ. (ಊರ ಕೆರೆಯಲ್ಲಿ ಇದನ್ನು ಮಾಡಿ ನೋಡಬೇಡಿ. ಕೊರೊನಾಡೊದಲ್ಲಾದರೆ ಪಕ್ಕದಲ್ಲೇ ಮುಳುಗುಗಾರರು, ವೈದ್ಯರು ಕಾಯುತ್ತಿರುತ್ತಾರೆ.)

ಕೋಣೆ ತಪಾಸಣೆಯನ್ನೂ ನಮ್ಮ ಅಮ್ಮಂದಿರು ಸಲೀಸಾಗಿ ಗೆಲ್ಲುತ್ತಾರೆ. ಹಾಸಿಗೆ ಸುಕ್ಕಿರಬಾರದು, ನೆಲದಲ್ಲಿ ಮರಳಿನ ಕಾಳು ಸಿಗಬಾರದು. ಸಿಕ್ಕರೆ ಮತ್ತೆ ಸಮುದ್ರಕ್ಕೆ ಓಡಿ, ಅಂದರೆ ಇನ್ನಷ್ಟು ಮರಳು ತಗೊಂಡು ಬಾ ಅಂತ. ಅದಕ್ಕೆ ಎಷ್ಟೋ ಜನ ಹಾಸಿದ ಹಾಸಿಗೆ ಮುಟ್ಟದೆ ನೆಲದ ಮೇಲೆ ಮಲಗುತ್ತಾರೆ. ನೆಂಟರು ಬಂದಾಗ ಮಾತ್ರ ಹಾಸುವ ಬೆಡ್‌ಶೀಟು ಬೀರುವಿನಲ್ಲಿಟ್ಟಿರುವ ಮನೆಯವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣದು.

ಹೆಲ್ ವೀಕ್ ಶುರುವಾಗುವುದು ಭಾನುವಾರ ಸಂಜೆ, ಖಾಲಿ ಗುಂಡುಗಳ ಸದ್ದಿನೊಂದಿಗೆ, ಮುಗಿಯುವುದು ಶುಕ್ರವಾರ. ಅಷ್ಟರಲ್ಲಿ ಒಟ್ಟು ನಿದ್ದೆ ಸುಮಾರು ನಾಲ್ಕು ಗಂಟೆ, ಅದೂ ಕಂತಿನಲ್ಲಿ. ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಮಾಡಬಲ್ಲವರು ಇಲ್ಲಿ ಮುಂದಿರುತ್ತಾರೆ ಅಂದುಕೊಳ್ಳಬಹುದು. ಕಷ್ಟ ಇರುವುದು ಏಳುವುದರಲ್ಲಿ. ಒಂದೂವರೆ ಗಂಟೆ ಮಲಗಿದ್ದರಲ್ಲಿ ಕೀಲೆಲ್ಲ ಬಿಗಿದು, ಪಾದ ಊದಿ, ಬೂಟು ಒಳಗೆ ಹೋಗದೆ ನಿಂತಿರುತ್ತದೆ, ಎಬ್ಬಿಸಿದವರು ನೇರ ಅಲೆಗೆ ಕಳಿಸುತ್ತಾರೆ. ಗುರುವಾರ ರಾತ್ರಿ ದೋಣಿ ಹುಟ್ಟು ಹಾಕುವಾಗ ನೀರಿನ ಮೇಲೆ ಇಲ್ಲದ ಗೋಡೆ, ಇಲ್ಲದ ಮನುಷ್ಯರು ಕಾಣಿಸುವುದು ಮಾಮೂಲು. ತಮಾಷೆ ಬದಿಗಿಟ್ಟು ಹೇಳುವುದಾದರೆ, 2022ರ ಫೆಬ್ರುವರಿಯಲ್ಲಿ ಈ ವಾರ ಮುಗಿಸಿದ ಕೆಲವೇ ಗಂಟೆಗಳಲ್ಲಿ ಒಬ್ಬ ಅಭ್ಯರ್ಥಿ ನ್ಯುಮೋನಿಯಾದಿಂದ ತೀರಿಕೊಂಡ. ಆಮೇಲೆ ವೈದ್ಯಕೀಯ ನಿಗಾ ಬಿಗಿಯಾಯಿತು.

ಗಂಟೆಯೂ ಈ ವಾರ ಅಂಗಳದಲ್ಲೇ ಕೂರುವುದಿಲ್ಲ. ಗಾಡಿ ಹತ್ತಿ ಅಭ್ಯರ್ಥಿಗಳ ಹಿಂದೆಯೇ ಸಮುದ್ರ ದಂಡೆಗೆ ಬರುತ್ತದೆ. ಪಕ್ಕದಲ್ಲಿ ಬಿಸಿ ಕಾಫಿ. ದಿಮ್ಮಿ ಹೊತ್ತಾಗ ಬಿಡುವವರಿಗಿಂತ, ಊಟ ಮುಗಿಸಿ ‘ಇನ್ನು ಮತ್ತೆ ನೀರಿಗಾ?’ ಅಂತ ನೆನೆಸಿಕೊಂಡಾಗ ಎದ್ದು ಹೋಗುವವರೇ ಹೆಚ್ಚು. ಸೋಮವಾರ ಬೆಳಿಗ್ಗೆ ಅಲಾರಂ ಹೊಡೆದಾಗ ಆಫೀಸಿಗೆ ಜ್ವರದ ಮೆಸೇಜು ಟೈಪ್ ಮಾಡುವ ಬೆರಳಿಗೆ ಈ ಕ್ಷಣ ಅರ್ಥವಾಗುತ್ತದೆ. ಬುಧವಾರ ದಾಟಿದವರು ಬಹುಮಟ್ಟಿಗೆ ಬಿಡುವುದಿಲ್ಲ.

ಶುಕ್ರವಾರ ‘ಮುಗೀತು’ ಅಂತ ಕೂಗಿದಾಗ ಅದನ್ನೂ ಮೋಸ ಅಂತಲೇ ನಂಬದೆ ನಿಂತಿರುತ್ತಾರೆ. ಬಿಳಿ ಟೀ ಶರ್ಟ್ ಹೋಗಿ ಕಂದು ಬಣ್ಣದ್ದು ಸಿಗುತ್ತದೆ, ಜೊತೆಗೆ ಒಂದು ದೊಡ್ಡ ಪಿಜ್ಜಾ. ಊದಿದ ಕಾಲಿನ ಕೆಳಗೆ ದಿಂಬು ಜೋಡಿಸಿ, ಹಾಸಿಗೆ ಮೇಲೆಯೇ ಮಲಗುತ್ತಾರೆ, ಆ ಸುಕ್ಕಿಲ್ಲದ ಬೆಡ್‌ಶೀಟಿನ ಮೇಲೆ, ಇನ್ನೂ ಉದುರುತ್ತಿರುವ ಮರಳಿನ ಸಮೇತ. ಪಿಜ್ಜಾದ ಎರಡನೇ ತುಂಡು ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಇನ್ನು ಇಪ್ಪತ್ತು ವಾರ ಬಾಕಿ.